ಏಳನೇ ಬೋಗಿಯ ಲೆಕ್ಕ: ಬೇಟೆ ರೈಫಲ್‌ಗೆ ಎಷ್ಟು ದೂರದ ಗುರಿ?

ನನ್ನ ಅಕ್ಕನ ಮಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬೆಳೆದವನು. ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿಯ ಗೆಳೆಯರ ಜೊತೆ ಸೇರಿ ಬೇಟೆಯ ಪರವಾನಗಿ ಪರೀಕ್ಷೆಗೆ ಕುಳಿತಿದ್ದಾನೆ. ಬರೆಯುವ ಪರೀಕ್ಷೆ, ಮೌಖಿಕ ಪರೀಕ್ಷೆ, ಗುರಿ ಹೊಡೆಯುವ ಪರೀಕ್ಷೆ, ಮೂರೂ ಪಾಸಾಗಬೇಕು. ಓದುವ ಭಾರ ಎಷ್ಟೆಂದರೆ ಅಲ್ಲಿಯ ಜನ ಅದನ್ನು ತಮಾಷೆಗೆ ‘ಹಸಿರು ಪಿಯುಸಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸದ ನನ್ನ ಅಕ್ಕನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು, ಹಲವು ವರ್ಷ ಎನ್‌ಸಿಸಿ ಹುಡುಗರನ್ನೂ ನೋಡಿಕೊಂಡವನು. ಹಾಗಾಗಿ ಒಂದು ರಾತ್ರಿ ಫೋನ್ ನನಗೇ ಬಂತು.

“ಮಾಮಾ, ರೈಫಲ್ ಕೆಟ್ಟಿದೆಯೇನೋ. 25 ಮೀಟರಿನಲ್ಲಿ ಸರಿಯಾಗಿ ನಡುವೆಯೇ ಹೊಡೆಯುತ್ತದೆ, 100 ಮೀಟರಿಗೆ ಒಯ್ದರೆ 9 ಸೆಂಟಿಮೀಟರ್ ಮೇಲೆ ಹೋಗುತ್ತದೆ. ದೂರ ಹೋದಂತೆ ಗುಂಡು ಕೆಳಗೆ ಬೀಳಬೇಕಲ್ಲವೇ? ಮೇಷ್ಟ್ರು ಬೇರೆ, 100 ಮೀಟರಿನಲ್ಲಿ 4 ಸೆಂಟಿಮೀಟರ್ ಮೇಲೆ ಹೊಡೆಯುವಂತೆ ಇಡು ಎನ್ನುತ್ತಾರೆ. ಬೇಕೆಂದೇ ತಪ್ಪಾಗಿ ಇಡುವುದು ಯಾಕೆ?”

ರೈಫಲ್ ಕೆಟ್ಟಿರಲಿಲ್ಲ. ಅವನ ಪ್ರಶ್ನೆ ಒಳ್ಳೆಯದಾಗಿತ್ತು. ಉತ್ತರ ಹೇಳಲು ನಾನು ಹುಬ್ಬಳ್ಳಿಯ ರೈಲು ನಿಲ್ದಾಣವನ್ನು ಬಳಸಿಕೊಂಡೆ. ಆ ವಿವರಣೆಯನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ಮಾತು ಮುಗಿಸಿಬಿಡುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ರಾಣೆಬೆನ್ನೂರಿನ ಕೃಷ್ಣಮೃಗಗಳು ಗೋವಿನಜೋಳದ ಹೊಲಕ್ಕೆ ನುಗ್ಗುತ್ತವೆ, ಕಪ್ಪತಗುಡ್ಡದ ಸುತ್ತಲಿನ ರೈತರಿಗೆ ಕಾಡುಹಂದಿಯ ಕಾಟವಿದೆ, ಎಲ್ಲವೂ ನಿಜ. ಆದರೂ ಕಾನೂನಿನ ಪ್ರಕಾರ ಅನುಮತಿ ಪಡೆಯದೆ ಕೋವಿ ಎತ್ತುವಂತಿಲ್ಲ. ಆದ್ದರಿಂದ ಇಲ್ಲಿ ಬರುವ ಬೇಟೆಯ ಮಾತೆಲ್ಲ ಅಳಿಯನ ಜರ್ಮನಿಯದು. ಗುಂಡಿನ ಲೆಕ್ಕ ಮಾತ್ರ ಎಲ್ಲ ಊರಿನದು.

ಈಗ ನಿಲ್ದಾಣಕ್ಕೆ ಬನ್ನಿ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್. 2023ರಲ್ಲಿ ಉದ್ಘಾಟನೆಯಾದಾಗ ಪ್ರಪಂಚದಲ್ಲೇ ಉದ್ದದ್ದು ಎಂದು ಪತ್ರಿಕೆಗಳಲ್ಲೆಲ್ಲ ಬಂತು. ನನಗೆ ಬೇಕಿರುವುದು ಅದರ ಒಂದು ತುದಿ ಮಾತ್ರ. ಅಲ್ಲಿ ಒಂದು ರೈಲು ನಿಂತಿದೆ ಎಂದುಕೊಳ್ಳಿ. ಈಗಿನ ಬೋಗಿಯೊಂದರ ಉದ್ದ ಹೆಚ್ಚುಕಡಿಮೆ 24 ಮೀಟರ್. ಅಂದರೆ 100 ಮೀಟರ್ ಎಂದರೆ ನಾಲ್ಕು ಬೋಗಿ ದಾಟಿ ಐದಾರು ಹೆಜ್ಜೆ, 200 ಮೀಟರ್ ಎಂದರೆ ಎಂಟು ಬೋಗಿ ದಾಟಿ ಇನ್ನಷ್ಟು, 300 ಎಂದರೆ ಹನ್ನೆರಡೂವರೆ ಬೋಗಿ. ಮೀಟರ್ ಲೆಕ್ಕದಲ್ಲಿ ದೂರ ಕಣ್ಣಿಗೆ ಕಟ್ಟುವುದಿಲ್ಲ. ಸಾಮಾನು ಹೊತ್ತು ಎಸ್-7 ಹುಡುಕಿಕೊಂಡು ಓಡಿದವರಿಗೆ ಬೋಗಿಯ ಲೆಕ್ಕ ಮೊಣಕಾಲಿನಲ್ಲೇ ಇರುತ್ತದೆ. (ಇದೆಲ್ಲ ಮನಸ್ಸಿನಲ್ಲಿ ನಡೆಯುವ ಪ್ರಯೋಗ. ಆಟಿಕೆ ಪಿಸ್ತೂಲು ಹಿಡಿದು ಕೂಡ ಯಾರೂ ಅಲ್ಲಿಗೆ ಹೋಗಬೇಡಿ.)

ರೈಫಲ್‌ನಲ್ಲಿ ಎರಡು ನೇರ ಗೆರೆಗಳಿವೆ. ಒಂದು ನಳಿಗೆಯ ಗೆರೆ. ಇನ್ನೊಂದು, ಮೇಲೆ ಕೂರಿಸಿದ ಸ್ಕೋಪಿನಲ್ಲಿ, ಅಂದರೆ ಗುರಿ ನೋಡುವ ದುರ್ಬೀನಿನಲ್ಲಿ, ಕಣ್ಣಿಟ್ಟಾಗ ಕಾಣುವ ಗುರಿರೇಖೆ. ಸ್ಕೋಪು ನಳಿಗೆಗಿಂತ ಸುಮಾರು 4 ಸೆಂಟಿಮೀಟರ್ ಎತ್ತರದಲ್ಲಿ ಕೂತಿರುತ್ತದೆ. ಗುಂಡು ಹೊರಡುವುದು ಕೆಳಗಿನಿಂದ, ಕಣ್ಣು ನೋಡುವುದು ಮೇಲಿನಿಂದ. ಎರಡೂ ಗೆರೆ ಸಮಾನಾಂತರವಾಗಿದ್ದರೆ ಗುಂಡು ಎಂದೂ ಗುರಿರೇಖೆಯನ್ನು ಮುಟ್ಟುವುದೇ ಇಲ್ಲ. ಏಕೆಂದರೆ ನಳಿಗೆ ಬಿಟ್ಟ ಕ್ಷಣದಿಂದಲೇ ಅದು ಬೀಳತೊಡಗುತ್ತದೆ.

‘ಗುಂಡು ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ’ ಎಂದು ಬಂದೂಕು ಬಲ್ಲವರೂ ಹೇಳುವುದನ್ನು ಕೇಳಿದ್ದೇನೆ. ನಳಿಗೆಯ ಗೆರೆಗಿಂತ ಮೇಲೆ ಗುಂಡು ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಏರುವಂತೆ ಕಾಣುವುದಕ್ಕೆ ಕಾರಣ, ನಳಿಗೆಯನ್ನೇ ಗುರಿರೇಖೆಗೆ ಹೋಲಿಸಿದರೆ ತುಸು ಮೇಲ್ಮುಖವಾಗಿ ಓರೆ ಮಾಡಿರುವುದು. ಚಿಕ್ಕಂದಿನಲ್ಲಿ ನವಲಗುಂದದ ಕಡೆಯ ನಮ್ಮ ಎರೆಹೊಲದಲ್ಲಿ ಅಟ್ಟದ ಮೇಲೆ ನಿಂತು ಜೋಳದ ಹಕ್ಕಿ ಕಾಯುತ್ತಿದ್ದೆವು. ಹೊಲದ ಆಚೆ ಬದುವಿಗೆ ಕವಣೆ ಕಲ್ಲು ಮುಟ್ಟಬೇಕಾದರೆ ಬದುವಿನತ್ತ ಬೀಸಿದರೆ ಸಾಲದು, ಬದುವಿನ ಬೇವಿನ ಮರದ ತುದಿಯತ್ತ ಬೀಸಬೇಕು. ಕಲ್ಲು ಕೈಬಿಟ್ಟ ಕೂಡಲೇ ನೆಲ ಅದನ್ನು ಎಳೆಯತೊಡಗುತ್ತದೆ ಎಂಬುದು ನಮಗೆ ಪುಸ್ತಕಕ್ಕಿಂತ ಮೊದಲೇ ತೋಳಿಗೆ ಗೊತ್ತಿತ್ತು. ಗುರಿ ಹೊಂದಿಸುವುದು ಎಂದರೆ ಇಷ್ಟೇ: ಆ ಓರೆ ಎಷ್ಟಿರಬೇಕು ಎಂದು ತೀರ್ಮಾನಿಸುವುದು. ಸ್ಕೋಪಿನ ತಿರುಪು ತಿರುಗಿಸಿದಾಗ ಗುಂಡಿಗೆ ಏನೂ ಆಗುವುದಿಲ್ಲ. ಎರಡು ಗೆರೆಗಳ ನಡುವಿನ ಕೋನ ಬದಲಾಗುತ್ತದೆ, ಅಷ್ಟೇ.

ಅಳಿಯನ ರೈಫಲ್ ಪಾಯಿಂಟ್ 308, ಅಂದರೆ ಗುಂಡಿನ ದಪ್ಪ 0.308 ಇಂಚು. ಸುಮಾರು 10 ಗ್ರಾಂ ತೂಕದ ಗುಂಡು, ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹೊರಡುತ್ತದೆ. 100 ಮೀಟರ್ ದಾಟಲು 0.12 ಸೆಕೆಂಡ್. ಅಷ್ಟರಲ್ಲಿ ಭೂಮಿ ಅದನ್ನು 7 ಸೆಂಟಿಮೀಟರ್ ಕೆಳಗೆಳೆದಿರುತ್ತದೆ. ಗಾಳಿಯ ತಡೆಯಿಂದ ವೇಗ ಕುಗ್ಗುತ್ತ ಹೋಗುವುದರಿಂದ 200 ಮೀಟರಿಗೆ 0.26 ಸೆಕೆಂಡ್ ಬೇಕು. ಆಗ ಬಿದ್ದಿರುವುದು 31 ಸೆಂಟಿಮೀಟರ್. 300 ಮೀಟರಿಗೆ 0.41 ಸೆಕೆಂಡ್, ಬಿದ್ದದ್ದು 76. ದೂರ ಮೂರು ಪಟ್ಟಾದರೆ ಬೀಳುವುದು ಹತ್ತು ಪಟ್ಟಿಗಿಂತ ಹೆಚ್ಚು. ಬೀಳುವ ಅಳತೆ ಸಮಯದ ವರ್ಗದಂತೆ ಬೆಳೆಯುತ್ತದೆ ಎಂದು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದ ಮಾತು ಇದೇ. ಈ ಒಂದು ಸಾಲು ಅರ್ಥವಾದರೆ ಉಳಿದದ್ದೆಲ್ಲ ಕೂಡಿಸಿ ಕಳೆಯುವ ಕೆಲಸ.

ಮೇಷ್ಟ್ರು ಹೇಳಿದಂತೆ 100 ಮೀಟರಿನಲ್ಲಿ 4 ಸೆಂಟಿಮೀಟರ್ ಮೇಲೆ ಬೀಳುವಂತೆ ಇಟ್ಟರೆ ಏನಾಗುತ್ತದೆ ನೋಡಿ. ಗುಂಡು ಗುರಿರೇಖೆಯ 4 ಸೆಂಟಿಮೀಟರ್ ಕೆಳಗಿನಿಂದ ಹೊರಡುತ್ತದೆ. ಮೊದಲ ಬೋಗಿ ದಾಟಿ, ಸುಮಾರು 30 ಮೀಟರಿನಲ್ಲಿ ಗುರಿರೇಖೆಯನ್ನು ಕೆಳಗಿನಿಂದ ಮೇಲಕ್ಕೆ ದಾಟುತ್ತದೆ. ಎರಡನೇ ಬೋಗಿಯ ಕೊನೆಯಲ್ಲಿ 2 ಸೆಂಟಿಮೀಟರ್ ಮೇಲಿರುತ್ತದೆ. ನಾಲ್ಕನೇ ಬೋಗಿಯ ಹತ್ತಿರ 4 ಸೆಂಟಿಮೀಟರ್, ಅದೇ ಅದರ ನೆತ್ತಿ. ಅಲ್ಲಿಂದ ಇಳಿಮುಖ. ಏಳನೇ ಬೋಗಿ ಮುಗಿಯುವಲ್ಲಿ, ಅಂದರೆ 168 ಮೀಟರಿನ ಆಸುಪಾಸಿನಲ್ಲಿ, ಎರಡನೇ ಸಲ ಗುರಿರೇಖೆಯನ್ನು ದಾಟುತ್ತದೆ, ಈ ಸಲ ಮೇಲಿನಿಂದ ಕೆಳಕ್ಕೆ. ಎಂಟು ಬೋಗಿ ದಾಟಿ 200 ಮೀಟರಿಗೆ ಬರುವಾಗ 4ರಿಂದ 5 ಸೆಂಟಿಮೀಟರ್ ಕೆಳಗೆ. ಹನ್ನೆರಡೂವರೆ ಬೋಗಿಗೆ ಒಂದೂವರೆ ಗೇಣು ಕೆಳಗೆ.

ಅಂದರೆ ಗುಂಡು ಗುರಿರೇಖೆಯನ್ನು ಒಂದಲ್ಲ, ಎರಡು ಸಲ ಸಂಧಿಸುತ್ತದೆ. ಹತ್ತಿರದ್ದೊಂದು, ದೂರದ್ದೊಂದು. ‘ಈ ರೈಫಲ್ ಇಷ್ಟು ಮೀಟರಿಗೆ ಹೊಂದಿಸಿದ್ದು’ ಎಂದು ಹೇಳುವಾಗ ಸಾಮಾನ್ಯವಾಗಿ ದೂರದ ಸಂಧಿಯನ್ನೇ ಹೇಳುತ್ತಾರೆ. ಮೇಷ್ಟ್ರು ತಪ್ಪಾಗಿ ಇಡಿಸುತ್ತಿರಲಿಲ್ಲ. ಏಳನೇ ಬೋಗಿಗೆ ಸರಿಯಾಗಿ ಇಡಿಸುತ್ತಿದ್ದರು, ಅಳೆಯುವುದನ್ನು ಮಾತ್ರ ನಾಲ್ಕನೇ ಬೋಗಿಯಲ್ಲಿ ಮಾಡಿಸುತ್ತಿದ್ದರು. ಜರ್ಮನಿಯಲ್ಲಿ ಗುಂಡಿನ ನೆತ್ತಿ ಗುರಿರೇಖೆಗಿಂತ 4 ಸೆಂಟಿಮೀಟರ್ ಮೀರದಂತೆ ಇಡುವ ದೂರಕ್ಕೆ ‘ಅತ್ಯಂತ ಅನುಕೂಲದ ದೂರ’ ಎಂಬರ್ಥದ ಹೆಸರೇ ಇದೆ. ಅಲ್ಲಿಯ ಕಾಡತೂಸಿನ ಡಬ್ಬಿಗಳ ಮೇಲೆ ಆ ಅಂಕಿಯನ್ನು ಅಚ್ಚು ಹಾಕಿಯೇ ಕೊಡುತ್ತಾರೆ.

4 ಸೆಂಟಿಮೀಟರೇ ಯಾಕೆ? ಜಿಂಕೆಯ ಮೈಮೇಲೆ ಗುಂಡು ಬೀಳಬೇಕಾದ ಜಾಗ ಹೃದಯ ಮತ್ತು ಶ್ವಾಸಕೋಶದ ಭಾಗ. ಅಲ್ಲಿಯ ಸಣ್ಣ ಜಿಂಕೆಯಲ್ಲಿ ಅದು ಊಟದ ತಟ್ಟೆಗಿಂತ ಚಿಕ್ಕದು, ದೊಡ್ಡ ಜಿಂಕೆಯಲ್ಲಿ ತಟ್ಟೆಯಷ್ಟಿರಬಹುದು. ತಟ್ಟೆಯ ನಡುವಿಗೆ ಗುರಿಯಿಟ್ಟರೆ ಮೇಲೆ 4, ಕೆಳಗೆ 4 ಸೆಂಟಿಮೀಟರ್ ಆಚೀಚೆ ಆದರೂ ಗುಂಡು ತಟ್ಟೆಯೊಳಗೇ ಇರುತ್ತದೆ. ಪ್ರಾಣಿ 60 ಮೀಟರಿನಲ್ಲಿದೆಯೋ 160ರಲ್ಲಿದೆಯೋ ಎಂದು ತಲೆಕೆಡಿಸಿಕೊಳ್ಳದೆ ನಡುವಿಗೇ ಗುರಿಯಿಡಬಹುದು. ಅಮೆರಿಕದ ಬೇಟೆಗಾರರಲ್ಲಿ ಇದೇ ಲೆಕ್ಕ ಇನ್ನಷ್ಟು ಉದಾರ. ಅಲ್ಲಿ 3 ಇಂಚು, ಅಂದರೆ ಏಳೂವರೆ ಸೆಂಟಿಮೀಟರ್ ಮೇಲೆ ಕೆಳಗೆ ಬಿಟ್ಟುಕೊಳ್ಳುವವರು ಬಹಳ. ಹಾಗೆ ಮಾಡಿದರೆ ಇದೇ ರೈಫಲ್‌ನ ದೂರದ ಸಂಧಿ 210 ಮೀಟರಿಗೆ ಹೋಗುತ್ತದೆ, ಹತ್ತು ಬೋಗಿಯವರೆಗೂ ತಟ್ಟೆಯ ಒಳಗೇ ಬೀಳುತ್ತದೆ. ಬಟ್ಟಬಯಲಿನ ನಾಡಿಗೆ ಅದು ಹೊಂದುತ್ತದೆ.

ಹಾಗಾದರೆ ಇನ್ನೂ ದೂರಕ್ಕೆ, 300 ಮೀಟರಿಗೇ ಹೊಂದಿಸಿಬಿಟ್ಟರೆ? ಅಳಿಯ ಕೇಳಿದ ಎರಡನೇ ಪ್ರಶ್ನೆ ಇದು. ಹೊಸದಾಗಿ ಬಂದೂಕು ಹಿಡಿದ ಎಲ್ಲರೂ ಕೇಳುವ ಪ್ರಶ್ನೆಯೂ ಹೌದು. ದೂರಕ್ಕೆ ಹೊಂದಿಸಿದರೆ ಹತ್ತಿರದ್ದು ತಾನಾಗಿ ಬರುತ್ತದೆ ಎಂಬ ಭ್ರಮೆ ಇದರ ಹಿಂದಿದೆ. ಲೆಕ್ಕ ಹಾಕಿ ನೋಡಿ. 300ಕ್ಕೆ ಸರಿಯಾಗಿ ಇಟ್ಟರೆ ಗುಂಡು 100 ಮೀಟರಿನಲ್ಲಿ 16 ಸೆಂಟಿಮೀಟರ್ ಮೇಲೆ, 150ರಲ್ಲಿ 19 ಸೆಂಟಿಮೀಟರ್ ಮೇಲೆ, 200ರಲ್ಲೂ 18 ಮೇಲೆ. ಒಂದು ಗೇಣಿಗೆ ತುಸು ಕಡಿಮೆ. 150 ಮೀಟರಿನಲ್ಲಿ ನಿಂತ ಪ್ರಾಣಿಯ ಎದೆಯ ನಡುವಿಗೆ ಗುರಿಯಿಟ್ಟರೆ ಗುಂಡು ಬೆನ್ನಿನ ಮೇಲಿಂದ ಹಾರಿಹೋಗುತ್ತದೆ, ಇಲ್ಲವೇ ಬೆನ್ನಿನ ಮೇಲ್ಭಾಗವನ್ನು ಸೀಳಿಕೊಂಡು ಹೋಗುತ್ತದೆ. ಗಾಯಗೊಂಡ ಪ್ರಾಣಿ ರಾತ್ರಿಯಿಡೀ ಕಾಡಿನಲ್ಲಿ ನರಳುತ್ತದೆ. ಬೇಟೆಗಾರರು ಹೆದರಬೇಕಾದದ್ದು ತೀರ ದೂರದ ಹೊಡೆತಕ್ಕಲ್ಲ, ಅಲ್ಲಿ ಗುಂಡು ಬೀಳುತ್ತದೆ ಎಂಬ ಎಚ್ಚರ ಹೇಗೂ ಇರುತ್ತದೆ. ಮೋಸ ಇರುವುದು ನಡುದಾರಿಯಲ್ಲಿ, ಸುಲಭ ಎಂದುಕೊಂಡ ಜಾಗದಲ್ಲಿ.

ಇನ್ನೊಂದು ತುದಿಯ ಆಯ್ಕೆಯೂ ಇದೆ: ನೇರವಾಗಿ 100 ಮೀಟರಿಗೇ ಸರಿಯಾಗಿ ಹೊಂದಿಸುವುದು. ಆಗ ಗುಂಡು ಎರಡನೇ ಬೋಗಿಯಿಂದ ನಾಲ್ಕನೇ ಬೋಗಿಯವರೆಗೆ ಗುರಿರೇಖೆಗೆ ಅಂಟಿಕೊಂಡಂತೆ ಹೋಗುತ್ತದೆ, ನಡುವೆ ಅರ್ಧ ಸೆಂಟಿಮೀಟರೂ ಮೇಲೇಳುವುದಿಲ್ಲ. 150 ಮೀಟರಿನಲ್ಲಿ 4 ಸೆಂಟಿಮೀಟರ್ ಕೆಳಗೆ. 200ರಲ್ಲಿ 13 ಕೆಳಗೆ. 300ರಲ್ಲಿ ಸರಿಯಾಗಿ ಒಂದು ಮೊಳ ಕೆಳಗೆ.

100 ಮೀಟರಿಗೇ ಇಡುವುದಕ್ಕೂ ಮೇಷ್ಟ್ರು ಹೇಳಿದಂತೆ ಇಡುವುದಕ್ಕೂ ವ್ಯತ್ಯಾಸ ಎಷ್ಟು? ತಟ್ಟೆಯ ನಡುವಿಗೇ ಗುರಿಯಿಡಬಹುದಾದ ದೂರ 150 ಇದ್ದದ್ದು ಸುಮಾರು 195 ಆಗುತ್ತದೆ. ಗಳಿಕೆ ಎರಡು ಬೋಗಿಯಷ್ಟು. ಅದಕ್ಕೆ ತೆರಬೇಕಾದ ಬೆಲೆ, ಹತ್ತಿರದ ಹೊಡೆತಗಳೆಲ್ಲ ಎರಡರಿಂದ ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಹೋಗುವುದು. ಮೇಷ್ಟ್ರ ಮಾತು ಮೀರಲು ನಾನು ಅಳಿಯನಿಗೆ ಹೇಳಲಿಲ್ಲ, ಆದರೆ ನನ್ನ ಮನಸ್ಸು 100ರ ಕಡೆಗೇ ವಾಲುತ್ತದೆ. ಅವರು ಬೇಟೆಯಾಡುವುದು ಹೆಚ್ಚಾಗಿ ಮರದ ಎತ್ತರದ ಅಟ್ಟದ ಮೇಲೆ ಕುಳಿತು. ಫೋಟೋ ನೋಡಿದೆ, ಥೇಟ್ ನಮ್ಮ ಹಕ್ಕಿ ಕಾಯುವ ಅಟ್ಟ, ಏಣಿಯೊಂದು ಗಟ್ಟಿ ಅಷ್ಟೇ. ಅಲ್ಲಿಂದ ಪ್ರಾಣಿ ಕಾಣುವ ಬಯಲು ಬಹಳವೆಂದರೆ 120 ಮೀಟರ್ ಎಂದು ಅವನೇ ಹೇಳಿದ. ಐದು ಬೋಗಿಯ ಬಯಲಿಗೆ ಎಂಟು ಬೋಗಿಯ ತಯಾರಿ ಯಾಕೆ? ರೈಫಲ್ ಎಷ್ಟು ದೂರ ಹೊಡೆಯಬಲ್ಲದು ಎಂದು ಕೇಳಿ ದೂರ ಆರಿಸುವವರೇ ಹೆಚ್ಚು. ಕೇಳಬೇಕಾದದ್ದು, ನಾನು ನಿಜವಾಗಿ ಹೊಡೆಯುವುದು ಎಷ್ಟು ದೂರಕ್ಕೆ, ಹೊಡೆಯಬೇಕಾದ ಜಾಗ ಎಷ್ಟು ದೊಡ್ಡದು ಎಂದು.

ಈಗ ಅವನ ಮೊದಲ ಗೊಂದಲ. 25 ಮೀಟರಿನಲ್ಲಿ ಸರಿ, 100ರಲ್ಲಿ 9 ಸೆಂಟಿಮೀಟರ್ ಮೇಲೆ. 25 ಮೀಟರ್ ಎಂದರೆ ಮೊದಲ ಬೋಗಿಯ ತುದಿ, ಹತ್ತಿರದ ಸಂಧಿ ಬರುವ ಜಾಗ. ಅಲ್ಲಿ ಕರಾರುವಾಕ್ಕಾಗಿ ನಡುವೆ ಹೊಡೆದರೆ ಈ ರೈಫಲ್‌ನ ದೂರದ ಸಂಧಿ 200 ಮೀಟರಿಗೆ ಹೋಗುತ್ತದೆ, 100ರಲ್ಲಿ 6 ಸೆಂಟಿಮೀಟರ್ ಮೇಲಿರುತ್ತದೆ. ಉಳಿದ 3 ಸೆಂಟಿಮೀಟರ್ ಎಲ್ಲಿಂದ ಬಂತು? ‘ಸರಿಯಾಗಿ ನಡುವೆಯೇ’ ಎಂದಿದ್ದನಲ್ಲ, ಆ ಕಾಗದದ ಫೋಟೋ ಕಳಿಸು ಎಂದೆ. ದೊಡ್ಡದು ಮಾಡಿ ನೋಡಿದರೆ ತೂತುಗಳು ನಡುವಿಗಿಂತ ಮುಕ್ಕಾಲು ಸೆಂಟಿಮೀಟರ್ ಮೇಲಿದ್ದವು. 25 ಮೀಟರಿನಲ್ಲಿ ಮುಕ್ಕಾಲು ಸೆಂಟಿಮೀಟರ್ ಎಂದರೆ 100ರಲ್ಲಿ ಅದರ ನಾಲ್ಕು ಪಟ್ಟು. ಹಗ್ಗದ ಒಂದು ತುದಿಯನ್ನು ಬೆರಳಷ್ಟು ಅಲ್ಲಾಡಿಸಿದರೆ ಇನ್ನೊಂದು ತುದಿ ಮಾರುಗಟ್ಟಲೆ ತೂಗಿದ ಹಾಗೆ. 25 ಮೀಟರಿನಲ್ಲಿ ಶುರುಮಾಡುವುದು ಜಾಣತನ, ಕಾಗದದ ಆಚೆ ಗುಂಡು ವ್ಯರ್ಥವಾಗುವುದು ತಪ್ಪುತ್ತದೆ. ಅಲ್ಲಿಗೇ ಮುಗಿಸುವುದು ಮಾತ್ರ ಸೋಮಾರಿತನ.

ಸರಿಪಡಿಸುವುದು ಕಷ್ಟವಲ್ಲ. ಅಲ್ಲಿಯ ಸ್ಕೋಪುಗಳಲ್ಲಿ ತಿರುಪಿನ ಒಂದು ‘ಟಕ್’ ಎಂದರೆ 100 ಮೀಟರಿನಲ್ಲಿ 1 ಸೆಂಟಿಮೀಟರ್. 9ರಿಂದ 4ಕ್ಕೆ ಇಳಿಸಲು ಐದು ಟಕ್. ಅಮೆರಿಕದ ಸ್ಕೋಪುಗಳಲ್ಲಿ ಸಾಮಾನ್ಯವಾಗಿ ಒಂದು ಟಕ್‌ಗೆ ಸುಮಾರು 7 ಮಿಲಿಮೀಟರ್. ಇದೇ ಟಕ್ 25 ಮೀಟರಿನಲ್ಲಿ ಕಾಲು ಭಾಗವಷ್ಟೇ ಸರಿಸುತ್ತದೆ ಎಂಬುದನ್ನು ಮರೆತು ತಿರುಗಿಸಿ ತಿರುಗಿಸಿ ಸುಸ್ತಾದವರಿದ್ದಾರೆ.

ಒಂದೇ ಗುಂಡಿನ ತೂತು ನೋಡಿ ತಿರುಪಿಗೆ ಕೈ ಹಾಕಬಾರದು. ಇದನ್ನು ನಾನು ಕಲಿತದ್ದು ಕೆಡೆಟ್ ಆಗಿದ್ದಾಗ, 25 ಗಜದ ಮೈದಾನದಲ್ಲಿ, ಪಾಯಿಂಟ್ ಟೂ ಟೂ ರೈಫಲ್ ಹಿಡಿದು. ಐದು ಗುಂಡು ಕೊಟ್ಟಿದ್ದರು. ಮೊದಲನೆಯದು ಎಡಕ್ಕೆ ಬಿತ್ತೆಂದು ಎರಡನೆಯದಕ್ಕೆ ಬಲಕ್ಕೆ ಗುರಿಯಿಟ್ಟೆ, ಅದು ಕೆಳಗೆ ಹೋಯಿತೆಂದು ಮೂರನೆಯದಕ್ಕೆ ಮೇಲೆ. ಕೊನೆಗೆ ಕಾಗದದ ನಾಲ್ಕೂ ಮೂಲೆಯಲ್ಲಿ ತೂತು. ತರಬೇತಿಗೆ ಬಂದಿದ್ದ ಹವಾಲ್ದಾರರು ಕಾಗದವನ್ನು ಬೆಳಕಿಗೆ ಹಿಡಿದು, “ಇದು ಗ್ರೂಪಿಂಗ್ ಅಲ್ಲ, ಜರಡಿ” ಎಂದರು. ಗ್ರೂಪಿಂಗ್ ಎಂದರೆ ಒಂದೇ ಜಾಗಕ್ಕೆ ಗುರಿಯಿಟ್ಟು ಹೊಡೆದ ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದು. ಅದು ಎಲ್ಲಿ ಬಿತ್ತು ಎಂಬುದು ಆಮೇಲಿನ ಮಾತು. ಒತ್ತಾಗಿ ಬಿದ್ದರೆ ತಿರುಪಿನಿಂದ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಚೆಲ್ಲಾಪಿಲ್ಲಿ ಬಿದ್ದದ್ದನ್ನು ಯಾವ ತಿರುಪೂ ಕೂಡಿಸಲಾರದು. ಕನಿಷ್ಠ ಮೂರು ಗುಂಡು ಹೊಡೆದು ಅವುಗಳ ನಡುಬಿಂದುವನ್ನು ಹಿಡಿದೇ ಲೆಕ್ಕ ಮಾಡಬೇಕು. ಈ ಚೆದುರುವಿಕೆಯೂ ಮೇಲಿನ 4 ಸೆಂಟಿಮೀಟರಿನ ಜೊತೆಗೆ ಸೇರಿಕೊಳ್ಳುತ್ತದೆ. ತಟ್ಟೆ ಅಷ್ಟರಮಟ್ಟಿಗೆ ಚಿಕ್ಕದಾಯಿತು ಎಂದೇ ಅರ್ಥ.

ಅದೇ ಪಾಯಿಂಟ್ ಟೂ ಟೂ ಗುಂಡಿನ ವೇಗ ಸೆಕೆಂಡಿಗೆ 330 ಮೀಟರಿನ ಆಸುಪಾಸು. 50 ಮೀಟರಿಗೆ ಹೊಂದಿಸಿದರೆ 100ಕ್ಕೆ ಹೋಗುವಾಗ ಒಂದು ಗೇಣು ಕೆಳಗೆ ಬಿದ್ದಿರುತ್ತದೆ. ನಮ್ಮ ದೇಶದಲ್ಲಿ ಪರವಾನಗಿದಾರರ ಹತ್ತಿರ ಕಾಣುವ ಇಷಾಪುರ ಕಾರ್ಖಾನೆಯ ಪಾಯಿಂಟ್ 315 ಈ ಎರಡರ ನಡುವಿನದು. ಭಾರದ ಗುಂಡು, 308ಕ್ಕಿಂತ ನಿಧಾನ, ಬಾಗುವುದು ಹೆಚ್ಚು. ಆದ್ದರಿಂದ ಒಂದು ರೈಫಲ್‌ನ ಅಂಕಿಯನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ಅಷ್ಟೇಕೆ, ಅದೇ ರೈಫಲ್‌ಗೆ ಬೇರೆ ಕಂಪನಿಯ ಕಾಡತೂಸು ಹಾಕಿದರೂ ಮತ್ತೆ ಕಾಗದದ ಮುಂದೆ ಕೂರಬೇಕು. ನಾನು ಕೊಟ್ಟ ಅಂಕಿಗಳೂ ಒಂದು ಮಾದರಿಯ ಲೆಕ್ಕವೇ. ಕೊನೆಯ ಮಾತು ಕಾಗದದ ತೂತಿನದು.

ಚಳಿ, ಎತ್ತರ, ಅಟ್ಟದಿಂದ ಕೆಳಮುಖವಾಗಿ ಹೊಡೆಯುವ ಕೋನ, ಇವೆಲ್ಲವೂ ಸ್ವಲ್ಪ ಸ್ವಲ್ಪ ಬದಲಿಸುತ್ತವೆ. 150 ಮೀಟರಿನೊಳಗೆ ಅವುಗಳ ಪಾಲು ಸಣ್ಣದು. ಅಡ್ಡಗಾಳಿಗೆ ಮಾತ್ರ ನೀವು ಯಾವ ದೂರಕ್ಕೆ ಹೊಂದಿಸಿದ್ದೀರಿ ಎಂಬುದರ ಗೊಡವೆಯೇ ಇಲ್ಲ, ಅದು ಪಕ್ಕಕ್ಕೆ ತಳ್ಳುತ್ತದೆ. ಇನ್ನೊಂದು ಎಚ್ಚರಿಕೆ ನಮ್ಮವರಿಗೆ: ಪರವಾನಗಿ ಇದೆ ಎಂದು ಹೊಲದ ಬದುವಿನಲ್ಲಿ ತಗಡು ನಿಲ್ಲಿಸಿ ಪರೀಕ್ಷೆ ಮಾಡಬೇಡಿ. ಪಾಯಿಂಟ್ 308 ಗುಂಡು ಆ 1507 ಮೀಟರಿನ ಪ್ಲಾಟ್‌ಫಾರ್ಮಿನ ಕೊನೆಯನ್ನೂ ದಾಟಿ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬವಿರುವ, ಅನುಮತಿ ಪಡೆದ ಶೂಟಿಂಗ್ ರೇಂಜ್ ಒಂದೇ ಅದಕ್ಕೆ ಜಾಗ.

ಹದಿನೈದು ದಿನದ ನಂತರ ಅಳಿಯನಿಂದ ಇನ್ನೊಂದು ಫೋಟೋ ಬಂತು. 100 ಮೀಟರ್, ಮೂರು ತೂತು, ನಡುವಿಗಿಂತ 4 ಸೆಂಟಿಮೀಟರ್ ಮೇಲೆ, ಮೂರನ್ನೂ ಒಂದು ಧಾರವಾಡ ಪೇಡೆಯಿಂದ ಮುಚ್ಚಿಬಿಡಬಹುದಿತ್ತು. ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. 170ರಲ್ಲಿ, 200ರಲ್ಲಿ ಹೊಡೆದು ನೋಡಿದೆಯಾ ಎಂದು ಕೇಳಿದೆ.

“ಇಲ್ಲ ಮಾಮಾ, ನಮ್ಮ ರೇಂಜ್ 100 ಮೀಟರಿಗೇ ಮುಗಿಯುತ್ತದೆ. ಡಬ್ಬಿಯ ಮೇಲೆ ಬರೆದಿದೆಯಲ್ಲ.”

“ಡಬ್ಬಿಯ ಮೇಲೆ ಬರೆದದ್ದು ಅವರ ನಳಿಗೆಯಿಂದ ಹೊಡೆದು ನೋಡಿದ್ದು. ನಿನ್ನದರಿಂದ ಹೊಡೆದು ನೋಡುವವರೆಗೆ ಐದು ಬೋಗಿ ದಾಟಿ ಕುದುರೆ ಎಳೆಯಬೇಡ.”

“ಏನದು, ಯಾವ ಕುದುರೆ?” ಎನ್ನುತ್ತ ಅಕ್ಕ ಅಡುಗೆಮನೆಯಿಂದ ಹೊರಬಂದಳು. ಬಂದೂಕಿನ ಟ್ರಿಗರಿಗೂ ಕುದುರೆ ಎನ್ನುತ್ತಾರೆ ಎಂದು ಅವಳಿಗೆ ಗೊತ್ತಿಲ್ಲ. ಅವಳ ಮನೆಗೆ ಊಟಕ್ಕೆ ಹೋಗಿದ್ದೆ ಎಂಬುದು ಆ ಕ್ಷಣದಲ್ಲಿ ನನಗೆ ಮರೆತೇಹೋಗಿತ್ತು. ರೈಲಿನ ವಿಷಯ ಮಾತಾಡುತ್ತಿದ್ದೇವೆ ಎಂದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.